ನಿಯಮದಿಂದ ಯಮಕ್ಕೆ: ತೂಕವಿಳಿಸಿದ ಬಳಿಕದ ಆಹಾರವಿಚಾರ

ವ್ರತವನ್ನು ಸ್ವೀಕರಿಸುವ ವಿಧಿ, ಅದನ್ನು ಆಚರಿಸುವ ಕ್ರಮ, ಕೊನೆಯಲ್ಲಿ ಉದ್ಯಾಪನೆ ಮಾಡುವ ವಿಧಾನ, ಇವುಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಚರ್ಚೆ ನಡೆದಿದೆ. ಉದ್ಯಾಪನೆಯ ಮರುದಿನದಿಂದ ಏನು ಮಾಡತಕ್ಕದ್ದು ಎಂಬುದನ್ನು ಮಾತ್ರ ವಿಚಾರಿಸುವವರು ವಿರಳ. ನೋಂಪಿಗಳ ವಿಷಯದಲ್ಲಿ ಈ ಉಪೇಕ್ಷೆಯಿಂದ ಅಷ್ಟು ಹಾನಿಯಾಗಲಿಕ್ಕಿಲ್ಲ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಮನೆಮನೆಗಳಲ್ಲಿಯೂ ಇನ್ನೊಂದು ಬಗೆಯ ಆಹಾರಸಂಯಮ ಪ್ರವೇಶಿಸಿದೆ. ಮಧುಮೇಹ, ರಕ್ತದೊತ್ತಡ, ಮೊಣಕಾಲಿನ ನೋವು ಮೊದಲಾದ ಕಾರಣಗಳಿಂದ ವೈದ್ಯರು ದೇಹದ ತೂಕವನ್ನು ಇಳಿಸಬೇಕೆಂದು ಹೇಳುತ್ತಾರೆ. ಶ್ರಾವಕ ಶ್ರಾವಿಕೆಯರು ಆರು ತಿಂಗಳೋ ವರ್ಷವೋ ಶ್ರದ್ಧೆಯಿಂದ ಪಥ್ಯವನ್ನು ಪಾಲಿಸಿ ಹತ್ತು ಹನ್ನೆರಡು ಕಿಲೋಗ್ರಾಮು ಇಳಿಸುತ್ತಾರೆ. ಎರಡು ವರ್ಷ ಕಳೆಯುವುದರೊಳಗೆ ಅದರಲ್ಲಿ ಬಹುಭಾಗ ಮರಳಿ ಬಂದಿರುತ್ತದೆ. ಇಳಿಸುವ ಶಕ್ತಿಯಿದ್ದವರಿಗೆ ಉಳಿಸಿಕೊಳ್ಳುವ ಶಕ್ತಿ ಏಕಿಲ್ಲವಾಯಿತು? ಈ ಪ್ರಶ್ನೆಯನ್ನು ಶಾಸ್ತ್ರದ ಪರಿಭಾಷೆಯಲ್ಲಿಯೂ ಇಂದಿನ ಶರೀರವಿಜ್ಞಾನದ ಬೆಳಕಿನಲ್ಲಿಯೂ ನೋಡುವುದು ಪ್ರಸ್ತುತ ಪಾಠದ ಉದ್ದೇಶ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ತೂಕವಿಳಿಸುವ ಪಥ್ಯವು ತಪಸ್ಸಲ್ಲ. ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಮೊದಲಾದ ಆರು ಬಾಹ್ಯ ತಪಗಳನ್ನು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಹೇಳಲಾಗಿದೆ. ಅವುಗಳ ಫಲ ಕರ್ಮನಿರ್ಜರೆ. ಸೊಂಟದ ಸುತ್ತಳತೆ ಕಡಿಮೆಯಾಗಲೆಂದು ಅಷ್ಟಮಿಯ ಉಪವಾಸವನ್ನು ಹಿಡಿದರೆ ಅಲ್ಲಿ ನಿದಾನವು ನುಸುಳಿತೆಂದೇ ತಿಳಿಯಬೇಕು. ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಅದೇ ಗ್ರಂಥದ 7ನೆಯ ಅಧ್ಯಾಯ ಹೇಳುತ್ತದೆ. ಹೀಗೆಂದ ಮಾತ್ರಕ್ಕೆ ವೈದ್ಯರ ಪಥ್ಯವು ಧರ್ಮಕ್ಕೆ ಹೊರಗಿನದೆಂದು ಅರ್ಥವಲ್ಲ. ಶರೀರವು ಧರ್ಮಸಾಧನ; ಅದನ್ನು ರೋಗದಿಂದ ಕಾಪಾಡಿಕೊಳ್ಳುವುದು ಗೃಹಸ್ಥನ ವಿವೇಕ. ಎರಡನ್ನೂ ಮಾಡಬಹುದು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾಡಬಾರದು, ಅಷ್ಟೆ.

ಹಾಗಾದರೆ ಈ ಪಥ್ಯಕ್ಕೆ ಶ್ರಾವಕಾಚಾರದಲ್ಲಿ ಸ್ಥಾನವೆಲ್ಲಿ? ಭೋಗೋಪಭೋಗ ಪರಿಮಾಣದಲ್ಲಿ. ಒಮ್ಮೆ ಅನುಭವಿಸಿ ಬಿಡುವಂಥ ಅನ್ನಾದಿಗಳು ಭೋಗ. ಮತ್ತೆ ಮತ್ತೆ ಅನುಭವಿಸುವ ವಸ್ತ್ರಾದಿಗಳು ಉಪಭೋಗ. ಇವುಗಳಿಗೆ ಮಿತಿಯನ್ನು ಹಾಕಿಕೊಳ್ಳುವ ಎರಡು ವಿಧಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇರ್ಪಡಿಸಿ ತೋರಿಸಿರುವರು. ಕಾಲವನ್ನು ಗೊತ್ತುಮಾಡಿಕೊಂಡು ಹಿಡಿದದ್ದು ನಿಯಮ. ಬಾಳಿರುವವರೆಗೂ ಹಿಡಿದದ್ದು ಯಮ. ವೈದ್ಯರ ಪಥ್ಯವನ್ನು ನಮ್ಮವರು ಹಿಡಿಯುವುದು ನಿಯಮವಾಗಿ. ಇಂತಿಷ್ಟು ತಿಂಗಳು, ಇಂತಿಷ್ಟು ತೂಕ, ಅಲ್ಲಿಗೆ ಮುಗಿಯಿತು ಎಂಬ ಭಾವನೆ. ಆದರೆ ಇಳಿದ ತೂಕವನ್ನು ಉಳಿಸಿಕೊಳ್ಳುವುದು ಸ್ವಭಾವತಃ ಯಮದ ಜಾತಿಗೆ ಸೇರಿದ ಕೆಲಸ, ಅದಕ್ಕೆ ಉದ್ಯಾಪನೆಯಿಲ್ಲ. ನಿಯಮದ ಮನಸ್ಸಿನಿಂದ ಯಮದ ಕೆಲಸಕ್ಕೆ ಹೊರಟದ್ದರಿಂದಲೇ ಬಹುಜನರು ಸೋಲುತ್ತಾರೆಂಬುದು ನನ್ನ ಅಭಿಪ್ರಾಯ.

ನಮ್ಮ ಬೀದಿಯ ಒಬ್ಬ ಶ್ರಾವಿಕೆಯ ಉದಾಹರಣೆಯನ್ನು ಹೇಳುವೆನು. ಐವತ್ತೆಂಟು ವರ್ಷದ ಗೃಹಿಣಿ. ಹತ್ತು ವರ್ಷಗಳ ಮಧುಮೇಹ. ಒಂಬತ್ತು ತಿಂಗಳ ಪಥ್ಯದಿಂದ 80 ಕಿಲೋಗ್ರಾಮಿನಿಂದ 68ಕ್ಕೆ ಇಳಿದರು. ಬಸದಿಯ ಮೆಟ್ಟಿಲುಗಳನ್ನು ಕಂಬ ಹಿಡಿಯದೆ ಹತ್ತುವಂತಾಯಿತು, ಮಾತ್ರೆಗಳೂ ಕಡಿಮೆಯಾದವು. ಗುರಿ ಮುಟ್ಟಿದ ದಿನ ಮನೆಯಲ್ಲಿ ಹೋಳಿಗೆಯ ಊಟವಾಯಿತು, ಅದರಲ್ಲಿ ದೋಷವೇನಿಲ್ಲ. ಅನಂತರ ಆಕೆ ಮೊದಲಿನ ಊಟಕ್ಕೆ ಮರಳಿದರು. ಅತಿಯಾಗಿ ತಿಂದದ್ದಲ್ಲ, ಮೊದಲು ತಿನ್ನುತ್ತಿದ್ದಷ್ಟೇ. ನಾಲ್ಕು ತಿಂಗಳಲ್ಲಿ 73 ಆಯಿತು. "ಮಾಸ್ತರೇ, ಪಥ್ಯ ಮಾಡುವಾಗ ಇಲ್ಲದ ಹಸಿವು ಈಗ ಬಂದಿದೆ. ಊಟ ಮಾಡಿ ಎದ್ದರೂ ಮನಸ್ಸು ಡಬ್ಬಿಯ ಮೇಲೇ ಇರುತ್ತದೆ. ಈ ವಯಸ್ಸಿನಲ್ಲಿ ನನಗೇಕೆ ಇಷ್ಟು ಜಿಹ್ವಾಚಾಪಲ್ಯ?" ಎಂದು ಆಕೆ ಕಣ್ಣೀರು ತಂದುಕೊಂಡು ಕೇಳಿದರು. ಆ ಪ್ರಶ್ನೆಗೆ ಉತ್ತರ ಎರಡು ಕಡೆಯಿಂದ ದೊರೆಯುತ್ತದೆ.

ಶರೀರವಿಜ್ಞಾನ ಹೇಳುವುದು ಹೀಗಿದೆ. ದೇಹದ ಕೊಬ್ಬು ಕೇವಲ ದಾಸ್ತಾನಲ್ಲ. ಅದು ಲೆಪ್ಟಿನ್ ಎಂಬ ರಸವನ್ನು ರಕ್ತಕ್ಕೆ ಬಿಟ್ಟು, ಸಂಗ್ರಹ ಸಾಕಷ್ಟಿದೆಯೆಂಬ ಸಮಾಚಾರವನ್ನು ಮಿದುಳಿಗೆ ಮುಟ್ಟಿಸುತ್ತದೆ. ಅಮೆರಿಕದ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು 1994ರಲ್ಲಿ ಕಂಡುಹಿಡಿದರು. ಕೊಬ್ಬು ಕರಗಿದಂತೆ ಲೆಪ್ಟಿನ್ ಇಳಿಯುತ್ತದೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಏರುತ್ತದೆ. ಆಸ್ಟ್ರೇಲಿಯದ ಮೆಲ್ಬರ್ನಿನ ವೈದ್ಯರು 50 ಮಂದಿಗೆ 10 ವಾರಗಳ ಕಠಿಣ ಪಥ್ಯವನ್ನು ಮಾಡಿಸಿ, ವರ್ಷದ ಬಳಿಕ ಮತ್ತೆ ಪರೀಕ್ಷಿಸಿ, 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ವರ್ಷ ಕಳೆದರೂ ಈ ರಸಗಳು ಮೊದಲಿನ ಸ್ಥಿತಿಗೆ ಬಂದಿರಲಿಲ್ಲ. ಹಸಿವೂ ಹೆಚ್ಚಾಗಿಯೇ ಇತ್ತು. ಇತ್ತ ದೇಹದ ಖರ್ಚು ಕಡಿಮೆಯಾಗಿರುತ್ತದೆ. ಹಗುರಾದ ದೇಹವನ್ನು ಹೊರಲು ಕಡಿಮೆ ಶಕ್ತಿ ಸಾಕು. ಅದರ ಮೇಲೆ ದೇಹವು ತಾನಾಗಿಯೇ ಮಿತವ್ಯಯಕ್ಕೆ ಇಳಿಯುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರ ಅಂದಾಜಿನಂತೆ, ಇಳಿದ ಪ್ರತಿ ಕಿಲೋಗ್ರಾಮಿಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿಯಷ್ಟು ತಗ್ಗುತ್ತದೆ. ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚು ಕೇಳುತ್ತದೆ.

ಈ ಲೆಕ್ಕವನ್ನು ಮೇಲಿನ ಶ್ರಾವಿಕೆಗೆ ಅನ್ವಯಿಸಿ ನೋಡಿರಿ. 12 ಕಿಲೋಗ್ರಾಮು ಇಳಿದದ್ದರಿಂದ ದಿನದ ಖರ್ಚು 300 ಕ್ಯಾಲೊರಿಯಷ್ಟು ಕಡಿಮೆಯಾಯಿತು. ತುಪ್ಪ ಸವರದ ಮೂರು ಚಪಾತಿಗಳ ಬೆಲೆ ಅಷ್ಟು. 80 ಕಿಲೋಗ್ರಾಮಿನ ದೇಹವನ್ನು ಇದ್ದಂತೆಯೇ ಇರಿಸಿದ್ದ ಊಟವು 68 ಕಿಲೋಗ್ರಾಮಿನ ದೇಹಕ್ಕೆ ಹೆಚ್ಚಳವೇ. ಆಕೆ ಮೊದಲಿನಷ್ಟೇ ಉಂಡರೂ ತೂಕ ಏರಿದುದರಲ್ಲಿ ಆಶ್ಚರ್ಯವಿಲ್ಲ.

ಹಸಿದ ದೇಹದ ವರ್ತನೆಗೆ ಇನ್ನೂ ಹಳೆಯದೊಂದು ಸಾಕ್ಷ್ಯವಿದೆ. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯಲು ಮನಸ್ಸೊಪ್ಪದ 36 ಮಂದಿ ಯುವಕರು, ಕ್ಷಾಮಪೀಡಿತರ ಪುನರಾರೋಗ್ಯಕ್ಕೆ ದಾರಿ ತಿಳಿಯಲೆಂದು 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬವರ ಪ್ರಯೋಗಕ್ಕೆ ತಮ್ಮ ದೇಹವನ್ನು ಒಪ್ಪಿಸಿದರು. ಕೊಲ್ಲಲಾರೆವೆಂದು ಹೇಳಿ ಹಸಿವನ್ನು ಸ್ವೀಕರಿಸಿದ ಆ ತರುಣರ ವೃತ್ತಾಂತ ನಮ್ಮವರಿಗೆ ತಿಳಿದಿರತಕ್ಕದ್ದು. 24 ವಾರಗಳ ಅರೆಹೊಟ್ಟೆಯಲ್ಲಿ ಅವರ ತೂಕದ ಕಾಲುಭಾಗ ಇಳಿಯಿತು. ಅವರು ಹಗಲಿರುಳು ಅನ್ನದ ಯೋಚನೆಯಲ್ಲಿಯೇ ಇದ್ದರು. ಅಡುಗೆಯ ಪುಸ್ತಕಗಳನ್ನು ಸಂಗ್ರಹಿಸಿದವರೂ ಉಂಟು. ಅನಂತರ ನಿರ್ಬಂಧ ತೆಗೆದಾಗ, ಹೊಟ್ಟೆ ಬಿರಿಯುವಂತೆ ಉಂಡರೂ ಹಸಿವು ಅಡಗಲಿಲ್ಲವೆಂದು ಕೆಲವರು ಹೇಳಿದರು. ಅವರು ಸಾಮಾನ್ಯ ತೂಕದ ಆರೋಗ್ಯವಂತರಾಗಿದ್ದುದರಿಂದ ಆ ಪ್ರಯೋಗವನ್ನು ಸ್ಥೂಲಕಾಯರ ಪಥ್ಯಕ್ಕೆ ಯಥಾವತ್ತಾಗಿ ಹೋಲಿಸಲಾಗದು. ಆದರೂ ಹಸಿವು ಮನೋದೌರ್ಬಲ್ಯವಲ್ಲವೆಂಬುದಕ್ಕೆ ಅದು ಸಾಲದೆ?

ಇನ್ನು ಶಾಸ್ತ್ರದ ಉತ್ತರ. ಇಪ್ಪತ್ತೆರಡು ಪರೀಷಹಗಳು ಯಾವ ಯಾವ ಕರ್ಮದ ಉದಯದಿಂದ ಉಂಟಾಗುತ್ತವೆ ಎಂಬುದನ್ನು ತತ್ತ್ವಾರ್ಥಸೂತ್ರ ವಿಂಗಡಿಸಿ ಹೇಳುತ್ತದೆ. ಕ್ಷುಧಾ ಪರೀಷಹವನ್ನು ಅಲ್ಲಿ ಮೋಹನೀಯದಲ್ಲಿ ಸೇರಿಸಿಲ್ಲ. ಅದು ವೇದನೀಯದ ಫಲ. ಈ ವಿಂಗಡಣೆಯನ್ನು ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು ಅನೇಕರಿದ್ದಾರೆ, ಅಡುಗೆಮನೆಯಲ್ಲಿ ನೆನೆದವರು ಕಡಿಮೆ. ಹಸಿವು ಚಾರಿತ್ರದೋಷವಲ್ಲ, ಶರೀರವೇದನೆ. ಲೋಭವು ಬೇರೆ, ಅದು ಮೋಹನೀಯದ ಸಂತತಿ. ಹಸಿವಿಗಾಗಿ ತನ್ನನ್ನು ತಾನು ಜರೆದುಕೊಳ್ಳುವುದು ಅನಾವಶ್ಯಕ. ಆ ಶ್ರಾವಿಕೆಗೆ ನಾನು ಮೊದಲು ಹೇಳಿದ್ದು ಇದನ್ನೇ. ಜಿಹ್ವಾಚಾಪಲ್ಯವೆಂದು ಆಕೆ ತಿಳಿದದ್ದರಲ್ಲಿ ಬಹುಪಾಲು ವೇದನೆಯೇ ಆಗಿತ್ತು. ವೇದನೆಯನ್ನು ಸಹಿಸಬಹುದು, ಉಪಾಯದಿಂದ ಕಡಿಮೆ ಮಾಡಿಕೊಳ್ಳಬಹುದು. ನಾಚಿಕೆಯಿಂದ ಅದು ಕಡಿಮೆಯಾಗದು.

ಉಪಾಯವನ್ನು ಅವಮೌದರ್ಯದಿಂದ ಕಲಿಯೋಣ. ಪುರುಷನಿಗೆ 32, ಸ್ತ್ರೀಗೆ 28 ಕವಳಗಳು ಕುಕ್ಷಿಪೂರಣದ ಪ್ರಮಾಣವೆಂದು ಭಗವತೀ ಆರಾಧನೆಯಲ್ಲಿದೆ. ಅದರಿಂದ ಒಂದೊಂದೇ ಕವಳವನ್ನು ತಗ್ಗಿಸುತ್ತ ಬರುವುದು ಅವಮೌದರ್ಯ. ಉದರದ ಅರ್ಧವನ್ನು ಅನ್ನ ವ್ಯಂಜನಗಳಿಂದಲೂ ಮೂರನೆಯ ಭಾಗವನ್ನು ನೀರಿನಿಂದಲೂ ತುಂಬಿ, ನಾಲ್ಕನೆಯದನ್ನು ವಾಯುಸಂಚಾರಕ್ಕೆ ಬಿಡಬೇಕೆಂದು ಮುನಿಗಳಿಗೆ ಹೇಳಿದ ಮಾತೂ ಮೂಲಾಚಾರದಲ್ಲಿದೆ. ಇವು ಯತಿಧರ್ಮದ ವಿಧಿಗಳು. ಗೃಹಸ್ಥನು ಕವಳವನ್ನು ಎಣಿಸುತ್ತ ಕೂರಬೇಕಿಲ್ಲ. ಇಲ್ಲಿ ಗಮನಿಸತಕ್ಕದ್ದು ಒಂದೊಂದಾಗಿ ಎಂಬ ಕ್ರಮ. ಪಥ್ಯದಿಂದ ಹೊರಬರುವಾಗ ಅದೇ ಏಣಿಯನ್ನು ಮೇಲ್ಮುಖವಾಗಿ ಹತ್ತಬೇಕು. ಗುರಿ ಮುಟ್ಟಿದೊಡನೆ ಎಲ್ಲವನ್ನೂ ಬಿಚ್ಚಿಡದೆ ಎರಡು ವಾರಕ್ಕೊಮ್ಮೆ ಒಂದು ಚಪಾತಿಯನ್ನೋ, ಅರ್ಧ ಬಟ್ಟಲು ಅನ್ನವನ್ನೋ ಸೇರಿಸುತ್ತ, ತೂಕವು ಎಲ್ಲಿ ನಿಲ್ಲುತ್ತದೆಂದು ನೋಡಬೇಕು. ನಿಂತ ಪ್ರಮಾಣವೇ ಅವರ ಯಮ. ಅದು ಪಥ್ಯಕಾಲದ ಊಟಕ್ಕಿಂತ ಹೆಚ್ಚು, ಪಥ್ಯಪೂರ್ವದ ಊಟಕ್ಕಿಂತ ಕಡಿಮೆ. ಇಂಥದೊಂದು ಮಧ್ಯಸ್ಥಾನವಿದೆ ಎಂಬುದೇ ಹಲವರಿಗೆ ಹೊಳೆಯುವುದಿಲ್ಲ.

ಈ ಅವಧಿಯಲ್ಲಿ ಮೊದಲ ವಾರ ಒಂದೆರಡು ಕಿಲೋಗ್ರಾಮು ಏರಿದರೆ ಗಾಬರಿ ಬೇಡ. ಅನ್ನ ರೊಟ್ಟಿಗಳ ಪಿಷ್ಟವು ಯಕೃತ್ತು ಸ್ನಾಯುಗಳಲ್ಲಿ ಮತ್ತೆ ಸೇರುವಾಗ ತನ್ನ ತೂಕದ ಸುಮಾರು ಮೂರರಷ್ಟು ನೀರನ್ನೂ ಹಿಡಿದಿಡುತ್ತದೆ. ಅದು ಕೊಬ್ಬಲ್ಲ. ಒಂದು ಕಿಲೋಗ್ರಾಮು ಕೊಬ್ಬು ಕೂಡಬೇಕಾದರೆ ಸುಮಾರು 7700 ಕ್ಯಾಲೊರಿಯ ಹೆಚ್ಚಳ ಬೇಕು; ಎರಡು ದಿನದ ಹಬ್ಬದಲ್ಲಿ ಅಷ್ಟು ಸುಲಭವಾಗಿ ಆಗತಕ್ಕದ್ದಲ್ಲ.

ತೂಕದ ಯಂತ್ರವನ್ನು ಬಳಸುವ ರೀತಿಯನ್ನೂ ಹೇಳಬೇಕು. ಅಮೆರಿಕದಲ್ಲಿ ರೇನಾ ವಿಂಗ್ ಮತ್ತು ಜೇಮ್ಸ್ ಹಿಲ್ ಎಂಬವರು 1994ರಲ್ಲಿ, 13.6 ಕಿಲೋಗ್ರಾಮು ಅಥವಾ ಹೆಚ್ಚು ಇಳಿಸಿ ವರ್ಷವಾದರೂ ಉಳಿಸಿಕೊಂಡವರ ದಾಖಲೆಯೊಂದನ್ನು ಆರಂಭಿಸಿದರು. ಅದರಲ್ಲಿ ಸೇರಿದವರಲ್ಲಿ ಹೆಚ್ಚಾಗಿ ಕಂಡುಬಂದ ಅಭ್ಯಾಸಗಳು: ಬೆಳಗಿನ ಉಪಾಹಾರವನ್ನು ತಪ್ಪಿಸದಿರುವುದು, ವಾರದ ದಿನಕ್ಕೂ ರಜಾದಿನಕ್ಕೂ ಊಟದಲ್ಲಿ ಭೇದ ಮಾಡದಿರುವುದು, ದಿನಕ್ಕೆ ಸುಮಾರು ಒಂದು ಗಂಟೆಯ ನಡಿಗೆ ಅಥವಾ ಅಂಥ ವ್ಯಾಯಾಮ, ಮತ್ತು ತೂಕವನ್ನು ಕ್ರಮವಾಗಿ ನೋಡಿಕೊಳ್ಳುವುದು. ಕೊನೆಯದನ್ನು ನಾನು ಆಲೋಚನೆಗೆ ಹೋಲಿಸುತ್ತೇನೆ. ಆಲೋಚನೆಯೆಂದರೆ ದೋಷವನ್ನು ಇದ್ದಂತೆ ಹೇಳಿಕೊಳ್ಳುವುದು. ಹೆಚ್ಚಿಸಿಯೂ ಅಲ್ಲ, ಮುಚ್ಚಿಯೂ ಅಲ್ಲ. ವಾರಕ್ಕೊಮ್ಮೆ, ಒಂದೇ ವಾರ, ಒಂದೇ ಹೊತ್ತು, ಬೆಳಿಗ್ಗೆ ಆಹಾರಕ್ಕೆ ಮೊದಲು ನೋಡಿ ಪಂಚಾಂಗದ ಅಂಚಿನಲ್ಲಿ ಬರೆದಿಡುವುದು ಸಾಕು. ದಿನಕ್ಕೆ ಮೂರು ಸಲ ಯಂತ್ರವನ್ನು ಹತ್ತಿ ಇಳಿಯುವುದು ಆರ್ತಧ್ಯಾನವೇ ಸರಿ.

ತಪ್ಪು ನಡೆದಾಗ ಏನು? ಮದುವೆಯ ಮನೆಯಲ್ಲಿ ಮೂರು ಹೋಳಿಗೆ ತಿಂದಾಯಿತು. "ಹೇಗೂ ಕೆಟ್ಟಿತು, ಇನ್ನು ನಾಳೆಯಿಂದ ನೋಡೋಣ" ಎಂದು ಸಂಜೆ ಚಕ್ಕುಲಿಯ ಡಬ್ಬಿಯನ್ನೂ ಮುಗಿಸುವವರಿದ್ದಾರೆ. ಆ ನಾಳೆ ತಿಂಗಳಾದರೂ ಬರುವುದಿಲ್ಲ. ಕೆಡುಕು ಇರುವುದು ಹೋಳಿಗೆಯಲ್ಲಿ ಅಲ್ಲ, ಆ ಮಾತಿನಲ್ಲಿ. ಅಮಿತಗತಿ ಆಚಾರ್ಯರು ತಮ್ಮ ದ್ವಾತ್ರಿಂಶತಿಕೆಯಲ್ಲಿ ದೋಷದ ನಾಲ್ಕು ಮೆಟ್ಟಿಲುಗಳನ್ನು ವಿವರಿಸಿದ್ದಾರೆ. ಮನಶ್ಶುದ್ಧಿ ಕೆಡುವುದು ಅತಿಕ್ರಮ. ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ. ವಿಷಯದಲ್ಲಿ ತೊಡಗುವುದು ಅತಿಚಾರ. ಅದರಲ್ಲಿಯೇ ಅತ್ಯಾಸಕ್ತನಾಗಿ ನಿಲ್ಲುವುದು ಅನಾಚಾರ. ಅತಿಚಾರಕ್ಕೂ ಅನಾಚಾರಕ್ಕೂ ನಡುವೆ ಅಂತರವಿದೆ ಎಂಬುದನ್ನು ಹೀಗೆ ಸ್ಪಷ್ಟವಾಗಿ ಕಲಿಸಿದ ಪರಂಪರೆಯಲ್ಲಿ ಹುಟ್ಟಿದವರು, ಮೂರು ಹೋಳಿಗೆಯನ್ನು ಅನಾಚಾರವೆಂದು ಏಕೆ ಭಾವಿಸಬೇಕು? ಅದು ಅತಿಚಾರ. ವ್ರತ ಮಲಿನವಾಯಿತು, ನಾಶವಾಗಲಿಲ್ಲ. ಮುಂದಿನ ಹೊತ್ತಿನ ಊಟವನ್ನು ಎಂದಿನಂತೆ ಮಾಡುವುದೇ ಅದಕ್ಕೆ ಪ್ರಾಯಶ್ಚಿತ್ತ. ಮರುದಿನ ಕಟ್ಟುನಿಟ್ಟಾದ ನಿರಾಹಾರವನ್ನು ದಂಡವಾಗಿ ಹಾಕಿಕೊಳ್ಳುವುದು ಬೇಡ; ಅದರ ಬೆನ್ನಿಗೇ ಮತ್ತೊಂದು ಅತಿಯೂಟ ಕಾದಿರುತ್ತದೆ.

ನಮ್ಮ ಮನೆಗಳ ಅನುಕೂಲಗಳೂ ಕಡಿಮೆಯಿಲ್ಲ. ರಾತ್ರಿಭೋಜನ ತ್ಯಾಗವುಳ್ಳ ಮನೆಯಲ್ಲಿ ಹತ್ತು ಗಂಟೆಯ ಕುರುಕಲು ತಿಂಡಿಗೆ ಆಸ್ಪದವೇ ಇಲ್ಲ. ಆದರೆ ಸೂರ್ಯಾಸ್ತಕ್ಕೆ ಹತ್ತು ನಿಮಿಷವಿರುವಾಗ ಗಡಿಯಾರವನ್ನು ನೋಡುತ್ತ, ರಾತ್ರಿ ಹಸಿವಾದೀತೆಂಬ ಭಯದಿಂದ ಎರಡು ಹೊತ್ತಿನದನ್ನು ಒಂದೇ ಸಲಕ್ಕೆ ತುಂಬಿಕೊಳ್ಳುವ ಆತುರವನ್ನು ನಾವೆಲ್ಲರೂ ಬಲ್ಲೆವು. ಅನಸ್ತಮಿತ ವ್ರತವು ಆ ಆತುರಕ್ಕಾಗಿ ಹೇಳಿದ್ದಲ್ಲ. ಅರ್ಧ ಗಂಟೆ ಮುಂಚೆ ಕುಳಿತರೆ ಅರ್ಧ ತೊಂದರೆ ಪರಿಹಾರವಾಗುತ್ತದೆ. ಹಾಗೆಯೇ ಅಷ್ಟಮಿ ಚತುರ್ದಶಿಗಳ ಸಂಗತಿ. ಪ್ರೋಷಧವೆಂದರೆ ಒಂದು ಸಲದ ಭೋಜನವೆಂದು ಸಮಂತಭದ್ರರು ಹೇಳಿದ್ದಾರೆ. ಉಪವಾಸದ ಹಿಂದಿನ ಧಾರಣೆಯೂ ಮುಂದಿನ ಪಾರಣೆಯೂ ಏಕಭುಕ್ತವಾಗಿರಬೇಕೆಂಬ ವಿಧಿಯಲ್ಲಿ ಎಷ್ಟು ದೂರದೃಷ್ಟಿಯಿದೆ! ನಮ್ಮಲ್ಲಿ ನಡೆಯುವುದಾದರೋ ಸಪ್ತಮಿಯ ದಿನ ನಾಳೆಗಾಗಿ ಉಣ್ಣುವುದು, ನವಮಿಯ ದಿನ ನಿನ್ನೆಗಾಗಿ ಉಣ್ಣುವುದು.

ಆರು ರಸಗಳಾದ ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪುಗಳಲ್ಲಿ ವಾರದ ಒಂದೊಂದು ದಿನ ಒಂದೊಂದನ್ನು ಬಿಡುವ ರೂಢಿ ಕೆಲವು ಮನೆಗಳಲ್ಲಿದೆ. ಧರ್ಮಬುದ್ಧಿಯಿಂದ ಮಾಡುವವರು ಮಾಡಲಿ. ತೂಕದ ದೃಷ್ಟಿಯಿಂದ ಲೆಕ್ಕಕ್ಕೆ ಬರುವವು ತುಪ್ಪ, ಎಣ್ಣೆ, ಬೆಲ್ಲಗಳು. 5 ಗ್ರಾಮಿನ ಒಂದು ಚಿಕ್ಕ ಚಮಚ ತುಪ್ಪದಲ್ಲಿ 45 ಕ್ಯಾಲೊರಿಯಿದೆ. ನಮ್ಮ ಗೃಹಿಣಿಯರು ತುಪ್ಪವನ್ನು ಚಮಚದಿಂದ ಅಳೆದು ಬಡಿಸುವುದಿಲ್ಲ, ಮಿಳ್ಳೆಯಿಂದ ಸುರಿಯುತ್ತಾರೆ. ಪ್ರೀತಿಗೆ ಅಳತೆಯಿಲ್ಲವೆಂಬ ಭಾವನೆ. ಬಡಿಸುವವರ ಪ್ರೀತಿಯನ್ನು ನೋಯಿಸದೆ ನಿರಾಕರಿಸುವುದು ಹೇಗೆಂಬ ಕಷ್ಟ ಬೇರೆ ಸಮಾಜದವರಿಗೆ ಬಹಳ. ನಮ್ಮಲ್ಲಿ ಅದಕ್ಕೆ ಒಂದು ಶಬ್ದ ಸಿದ್ಧವಾಗಿಯೇ ಇದೆ. "ನನಗೆ ಪಥ್ಯ" ಎಂದರೆ "ಇದೊಂದು ದಿನ ಬಿಡಿ" ಎನ್ನುವವರು, "ನನಗೆ ನಿಯಮವಿದೆ" ಎಂದರೆ ಕೈ ಹಿಂದೆಗೆಯುತ್ತಾರೆ. ಆದರೆ ನಿಜವಾಗಿ ನಿಯಮವನ್ನು ಹಿಡಿದವರು ಮಾತ್ರ ಆ ಶಬ್ದವನ್ನು ಬಳಸಬೇಕು. ಒಂದು ಊಟಕ್ಕೆ ಒಂದು ಸಿಹಿ, ಒಂದು ಚಮಚ ತುಪ್ಪವೆಂದು ಭೋಗಪರಿಮಾಣ ಮಾಡಿಕೊಂಡರೆ ಸತ್ಯಾಣುವ್ರತಕ್ಕೂ ಲೋಪವಿಲ್ಲ.

ಬೇಳೆಕಾಳುಗಳ ವಿಷಯವಾಗಿ ಒಂದು ಎಚ್ಚರಿಕೆ. ಪಥ್ಯದಲ್ಲಿ ಕೊಬ್ಬಿನೊಡನೆ ಸ್ನಾಯುವೂ ಕರಗುತ್ತದೆ. ವೃದ್ಧರಿಗೆ ಇದರಿಂದ ನಿಶ್ಶಕ್ತಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ಸೂಚಿಸಿದಂತೆ ದೇಹದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಮು ಸಸಾರಜನಕ ಬೇಕು. ಹೆಸರುಬೇಳೆಯ 100 ಗ್ರಾಮಿನಲ್ಲಿ ಸುಮಾರು 24 ಗ್ರಾಮಿದೆ. ದ್ವಿದಳದೋಷವನ್ನು ಪಾಲಿಸುವವರು ಬೇಳೆಯನ್ನು ಒಂದು ಹೊತ್ತಿಗೂ ಮೊಸರು ಮಜ್ಜಿಗೆಗಳನ್ನು ಇನ್ನೊಂದು ಹೊತ್ತಿಗೂ ಇಟ್ಟುಕೊಳ್ಳಬಹುದು. ಅನ್ನವನ್ನು ಕಡಿಮೆ ಮಾಡುವ ಭರದಲ್ಲಿ ಬೇಳೆಯನ್ನೂ ಬಿಡಬಾರದು.

ಎಲ್ಲಕ್ಕಿಂತ ಗಂಭೀರವಾದ ಮಾತು ಒಂದಿದೆ. ಕೆಲವರಿಗೆ, ವಿಶೇಷವಾಗಿ ತರುಣಿಯರಿಗೆ, ನಿಲ್ಲಿಸುವುದೇ ಕಷ್ಟವಾಗುತ್ತದೆ. ಗುರಿ ಮುಟ್ಟಿದ ಮೇಲೂ ಇನ್ನೂ ಇಳಿಸಬೇಕೆಂಬ ಹಂಬಲ. ಊಟದ ಹೊತ್ತಿಗೆ ಹೊಸ ಹೊಸ ಉಪವಾಸದ ನೆಪ. ಮಗಳು ಇಷ್ಟು ಧರ್ಮಿಷ್ಠೆಯಾದಳಲ್ಲ ಎಂದು ತಾಯಿ ತಂದೆಯರು ಸಂತೋಷಪಡುತ್ತಿರುವಾಗ ಆಕೆಯ ಮುಟ್ಟು ನಿಂತಿರುತ್ತದೆ, ಕೂದಲು ಉದುರುತ್ತಿರುತ್ತದೆ. ಇದು ವ್ರತವಲ್ಲ, ವ್ಯಾಧಿ. ಇಂಥ ಲಕ್ಷಣ ಕಂಡರೆ ಹೊಗಳಿಕೆಯನ್ನೂ ಗದರಿಕೆಯನ್ನೂ ಬಿಟ್ಟು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಹೇಳುವಾಗ ಶಕ್ತಿತಃ ಎಂಬ ವಿಶೇಷಣವನ್ನು ಆಚಾರ್ಯರು ಸುಮ್ಮನೆ ಸೇರಿಸಲಿಲ್ಲ.

ಈಚೆಗೆ ಸೆಮಾಗ್ಲುಟೈಡ್ ಮೊದಲಾದ ಚುಚ್ಚುಮದ್ದುಗಳು ನಮ್ಮ ದೇಶದಲ್ಲಿಯೂ ದೊರೆಯುತ್ತಿವೆ. ಅವು ಹಸಿವನ್ನೇ ತಗ್ಗಿಸುತ್ತವೆ. ವೈದ್ಯರು ಅವಶ್ಯವೆಂದರೆ ತೆಗೆದುಕೊಳ್ಳುವುದರಲ್ಲಿ ಸಂಕೋಚ ಬೇಡ. ಆದರೆ ಮದ್ದು ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಮರಳಿತೆಂದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಆದುದರಿಂದ ಅದನ್ನು ಆರಂಭಿಸುವ ಮೊದಲೇ ಎಷ್ಟು ಕಾಲ, ನಿಲ್ಲಿಸಿದ ಮೇಲೆ ಏನು ಎಂದು ಕೇಳಿಕೊಳ್ಳತಕ್ಕದ್ದು. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತೂಕ ಇಳಿದಾಗಲೂ ಏರಿದಾಗಲೂ, ದಶಲಕ್ಷಣ ಪರ್ವಕ್ಕೆ ಮುಂಚೆಯೂ ಔಷಧದ ಪ್ರಮಾಣವನ್ನು ವೈದ್ಯರಿಂದ ಮತ್ತೆ ಗೊತ್ತುಮಾಡಿಸಿಕೊಳ್ಳಬೇಕು. ಹಳೆಯ ಪ್ರಮಾಣದ ಮಾತ್ರೆಯನ್ನು ನುಂಗಿ ಉಪವಾಸ ಕುಳಿತರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡುಕ, ಬೆವರು, ಮಂಕು ಕಾಣಿಸಿದರೆ ಉಪವಾಸವನ್ನು ಅಲ್ಲಿಯೇ ನಿಲ್ಲಿಸಿ ಸಕ್ಕರೆ ನೀರನ್ನು ಕೊಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.